ಹೇಮಪ್ಪನ ಪಕ್ಕಾ ಕೆಂಪು

ಬೆಟಗೇರಿಯ ಹೇಮಪ್ಪನ ಮೂತ್ರ ಕೆಂಪಾಯಿತೆಂದು ಊರಲ್ಲಿ ಹಬ್ಬಿದ ಸುದ್ದಿಯಲ್ಲಿ ಒಂದು ತಪ್ಪಿತ್ತು. ಕೆಂಪಾದದ್ದು ಮೂತ್ರವಲ್ಲ, ಅದರ ಕೆಲವು ಹನಿ ಹಾಕಿ ಕುದಿಸಿದ ಡಾಕ್ಟರರ ನೀಲಿ ಔಷಧ. ಉಳಿದದ್ದೆಲ್ಲ ನಿಜ. ಹೇಮಪ್ಪ ಅದಕ್ಕಾಗಿ ಹೆಮ್ಮೆಪಟ್ಟದ್ದು ನಿಜ. ಅದರಿಂದಾಗಿ ಮಗಳ ನಿಶ್ಚಿತಾರ್ಥ ಮುರಿಯುವ ಹಂತಕ್ಕೆ ಬಂದದ್ದು ನಿಜ. ಪೊಲೀಸರು ಮನೆ ಹೊಕ್ಕದ್ದು ನಿಜ. ಅನುಭವಸ್ಥನಾದ ಒಬ್ಬ ಹವಾಲ್ದಾರ ಅಲ್ಲಿ ಮಾಡಿದ್ದನ್ನು ಅವನ ಇಲಾಖೆ ಎಲ್ಲಿಯೂ ದಾಖಲಿಸಲಿಲ್ಲ. ಆದರೂ ಅದು ನಿಜ.

ಇದು ಐವತ್ತಾರನೆಯ ಇಸವಿಯ ಮಾತು. ಗದಗ-ಬೆಟಗೇರಿ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ನವೆಂಬರ್ ಒಂದಕ್ಕೆ ಮೈಸೂರು ರಾಜ್ಯ ಸೇರುವುದೆಂದು ಗೊತ್ತಾಗಿ, ಚಹಾದಂಗಡಿಗಳಲ್ಲಿ ಅದರದೇ ಚರ್ಚೆ ನಡೆದಿತ್ತು. ಹೇಮಪ್ಪನ ಓಣಿಯೊಂದರಲ್ಲಿ ಮಾತ್ರ ಚರ್ಚೆಯ ವಿಷಯ ಬೇರೆ.

ಹೇಮಪ್ಪನದು ಮಗ್ಗಗಳಿಗೆ ಬೇಕಾದ ನೂಲಿಗೆ ಬಣ್ಣ ಹಾಕುವ ಕೆಲಸ. ನೀಲಿ ಚೆನ್ನಾಗಿ ಹಾಕುತ್ತಿದ್ದ, ಹಸಿರು ಪರವಾಗಿಲ್ಲ. ಕೆಂಪು ಮಾತ್ರ ಅವನ ಕೈಗೆ ಹತ್ತಿರಲಿಲ್ಲ. ಅವನ ಕೆಂಪು ಅಂಚಿನ ಸೀರೆ ಒಂದು ಒಗೆತಕ್ಕೆ ಗುಲಾಬಿಯಾಗಿ, ಎರಡನೆಯದಕ್ಕೆ ಜೊತೆಯ ಬಟ್ಟೆಗಳನ್ನೆಲ್ಲ ಗುಲಾಬಿ ಮಾಡುತ್ತಿತ್ತು. ಮುನಸಿಪಾಲಿಟಿಯ ಮೆಂಬರರೊಬ್ಬರು ಹೆಂಡತಿಯ ಸೀರೆಯ ಕೃಪೆಯಿಂದ ಗುಲಾಬಿ ಟೋಪಿ ಹಾಕಿಕೊಂಡು ಸಭೆಗೆ ಹೋದದ್ದು ಆಗ ಎಲ್ಲರಿಗೂ ಗೊತ್ತಿತ್ತು. ಪಕ್ಕದ ಮನೆಯ ರಹಮಾನಸಾಬನದೂ ಇದೇ ಕಸುಬು. ಅವನ ಕೆಂಪು ಕಲ್ಲಿಗೆ ಬಡಿದರೂ ಬಿಡುತ್ತಿರಲಿಲ್ಲ. ಎರಡು ಮನೆಗಳ ನಡುವಿನ ಗೋಡೆ ಗಿಡ್ಡದು. ಆ ಕಡೆ ಒಣಹಾಕಿದ ಕೆಂಪು ನೂಲು ಈ ಕಡೆಗೆ ದಿನವೂ ಕಾಣುತ್ತಿತ್ತು.

ಆ ವರ್ಷ ಹೇಮಪ್ಪನಿಗೆ ತೀರದ ನೀರಡಿಕೆ ಶುರುವಾಯಿತು. ಕುಡಿದಷ್ಟೂ ಹೊರಗೆ ಹೋಗುವ ಕೆಲಸವೂ ಹೆಚ್ಚಿತು. ಹೆಂಡತಿ ದುರಗವ್ವನ ಕಾಟಕ್ಕೆ ದವಾಖಾನೆಗೆ ಹೋದ. ಡಾಕ್ಟರು ಮೂತ್ರ ತರಿಸಿ, ಗಾಜಿನ ಕೊಳವೆಯಲ್ಲಿ ನೀಲಿ ಔಷಧ ಹಾಕಿ, ಸ್ಪಿರಿಟ್ ದೀಪದ ಮೇಲೆ ಕುದಿಸಿ ಅವನ ಮುಂದೆ ಹಿಡಿದರು.

"ನೋಡ್ರಿ ಹೇಮಪ್ಪ, ಏನಾತು?"

"ಕೆಂಪಾತಲ್ಲರೀ!"

"ಪೂರಾ ಇಟ್ಟಂಗಿ ಕೆಂಪು. ಬಣ್ಣದ ಮಾತು ನಿಮಗ ನಾ ಏನ್ ಹೇಳೂದೈತಿ? ಮೊದಲ ಹಸರ, ಆಮ್ಯಾಲ ಹಳದಿ, ಕಡೀಕ ಇದು. ಇದಕ್ಕಿಂತ ಮ್ಯಾಲ ಇಲ್ಲ."

"ನೀವು ಕೆಂಪು ಹಾಕಿಲ್ಲ, ಹೌದಲ್ಲರಿ?"

"ನಾ ಎಲ್ಲಿಂದ ಹಾಕಲಿ? ನಿಮ್ಮ ಮೈಯಾಗಿಂದ ಬಂದೈತಿ."

"ಎಲ್ಲಾ ದೇವರ ದಯಾ ರೀ," ಎಂದು ಹೇಮಪ್ಪ ಕಣ್ಣೊದ್ದೆ ಮಾಡಿಕೊಂಡು ಕೈ ಮುಗಿದ. ಇಂಥ ಸುದ್ದಿಯನ್ನು ಇಷ್ಟು ಧೈರ್ಯವಾಗಿ ತೆಗೆದುಕೊಂಡ ರೋಗಿಯನ್ನು ತಾವು ಕಂಡಿರಲಿಲ್ಲವೆಂದು ಡಾಕ್ಟರು ಆಮೇಲೆ ಹೇಳಿದರು.

ಅಷ್ಟರಲ್ಲಿ ಹತ್ತಿ ಗಿರಣಿಯಿಂದ ಕೈಗೆ ಗಾಯವಾದ ಕೂಲಿಯೊಬ್ಬನನ್ನು ಚಕ್ಕಡಿಯಲ್ಲಿ ತಂದರು. ಡಾಕ್ಟರು ಅತ್ತ ಓಡುತ್ತಲೇ, ಬೆಲ್ಲ ಬಿಡ್ರಿ, ಹೋಳಿಗಿ ಬಿಡ್ರಿ, ಮೆಂತಿ ಪಲ್ಯ ಹಸೀದು ತಿನ್ರಿ, ಹಾಗಲಕಾಯಿ ತಿನ್ರಿ, ಮನ್ಯಾಗ ದಿನಾ ಬಣ್ಣ ನೋಡಕೋತ ಇರ್ರಿ ಎಂದು ಹೇಳಿ, ಕೊಳವೆ, ದೀಪ, ನೀಲಿ ಔಷಧದ ಬಾಟಲಿ ಕೊಡಿಸಿದರು. ರೋಗದ ಹೆಸರನ್ನು ಸ್ಪಷ್ಟವಾಗಿ ಹೇಳಿದ್ದೇನೆ ಎಂದು ಡಾಕ್ಟರರ ಹೇಳಿಕೆ. ಆ ಹೊತ್ತಿಗೆ ತಾನು ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ ಎಂದು ಹೇಮಪ್ಪನ ಹೇಳಿಕೆ. ಎರಡೂ ಒಂದಕ್ಕೊಂದು ವಿರುದ್ಧವಲ್ಲ.

ಮನೆಗೆ ಬಂದವನು ಗೋಡೆಯ ಮೇಲಿಂದ ರಹಮಾನಸಾಬನನ್ನು ಕರೆದ. ಅವನ ಎದುರಿಗೇ ಕುದಿಸಿದ. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಹಳದಿ ಇಟ್ಟಿಗೆ ಕೆಂಪಾಯಿತು.

"ಯಾ ಅಲ್ಲಾ!" ರಹಮಾನಸಾಬ ಗೋಡೆ ಹಿಡಿದುಕೊಂಡ. "ಕೆಂಪು ಹಾಕದ ಕೆಂಪು ಬಂತಲ್ಲೋ!"

"ಒಳಗಿಂದ ಬಂದೈತಿ. ಡಾಕ್ಟರ ಹೇಳ್ಯಾನ, ಇದಕ್ಕಿಂತ ಮ್ಯಾಲ ಇಲ್ಲಂತ."

ರಹಮಾನಸಾಬ ಸುಮ್ಮನಿರಲಾರದೆ ಹಳೆಯ ಅತ್ತರಿನ ಶೀಶೆಯಲ್ಲಿ ತನ್ನದನ್ನೂ ತಂದ. ಎಷ್ಟು ಕುದಿಸಿದರೂ ನೀಲಿ ನೀಲಿಯಾಗಿಯೇ ಉಳಿಯಿತು. ಊರಿಗೆಲ್ಲ ಪಕ್ಕಾ ಕೆಂಪು ಕೊಟ್ಟ ಮನುಷ್ಯ ತಲೆ ತಗ್ಗಿಸಿ ನಿಂತ.

"ಬ್ಯಾಸರ ಮಾಡ್ಕೋಬ್ಯಾಡ," ಹೇಮಪ್ಪ ಬೆನ್ನು ತಟ್ಟಿದ. "ಇದು ಎಲ್ಲಾರಿಗೂ ಬರೂದಲ್ಲ."

"ಏನ್ ಹೊಲಸ ಹಚ್ಚೀರಿ ಇದು, ಅಡಗಿ ಮನಿ ಮುಂದ!" ಎಂದು ದುರಗವ್ವ ಒಳಗಿನಿಂದ ಕೂಗಿದಳು. ಆದರೆ ಮರುದಿನದಿಂದ ಓಣಿಯ ಗಂಡಸರು ಎಣ್ಣೆ ಬಾಟಲಿ, ಔಷಧಿ ಬಾಟಲಿ, ಸಿಕ್ಕ ಶೀಶೆಗಳನ್ನು ಸೆರಗು ಮುಚ್ಚಿದಂತೆ ಟಾವೆಲು ಮುಚ್ಚಿಕೊಂಡು ಬಂದು ಹಿತ್ತಲಿನ ಕಟ್ಟೆಯ ಮೇಲೆ ಸಾಲಾಗಿ ಇಡತೊಡಗಿದರು. ಹೆಚ್ಚಿನವರದು ನೀಲಿ. ಕಿರಾಣಿ ಅಂಗಡಿಯ ಮಾಲಿಕನದು ಸ್ವಲ್ಪ ಹಸಿರಿಗೆ ತಿರುಗಿತು. ಹೇಮಪ್ಪ ಅದನ್ನು ಓರೆಯಾಗಿ ಹಿಡಿದು ನೋಡಿ, "ಎಳೀ ಬಣ್ಣ. ಆದ್ರ ಮುಂದ ಬರತೈತಿ," ಎಂದು ಆಶೀರ್ವದಿಸಿದ. ಅಂಗಡಿಯವನು ಸಂತೋಷದಿಂದ ಮನೆಗೆ ಹೋದ.

ಡಾಕ್ಟರು ಹೇಳಿದ ಪಥ್ಯವನ್ನು ಹೇಮಪ್ಪ ಆರಂಭದಲ್ಲಿ ಶ್ರದ್ಧೆಯಿಂದಲೇ ಮಾಡಿದ. ರೊಟ್ಟಿಯ ಜೊತೆ ಹಸಿ ಮೆಂತೆ, ರಾತ್ರಿ ಹಾಗಲಕಾಯಿ. ಬೆಲ್ಲ ಪೂರ್ತಿ ಬಂದ್. ಕೆಲವು ವಾರ ಕಳೆಯುವಷ್ಟರಲ್ಲಿ ಕೊಳವೆಯಲ್ಲಿ ಕೆಂಪು ಇಳಿದು ಹಳದಿಯಾಯಿತು. ಆಮೇಲೊಂದು ಬೆಳಿಗ್ಗೆ ತಿಳಿ ಹಸಿರು. ಹೇಮಪ್ಪ ಕಿರುಚಿದ್ದು ಓಣಿಯ ಆ ತುದಿಗೂ ಕೇಳಿತು.

"ದುರಗೀ! ನನ್ನ ಬಣ್ಣ ಹೊಂಟೈತಿ!"

ಡಾಕ್ಟರರ ಬಳಿ ಹೋಗಲು ಅವನ ಅಭಿಮಾನ ಒಪ್ಪಲಿಲ್ಲ. ಬಣ್ಣದ ವಿಷಯದಲ್ಲಿ ತಾನೇ ಡಾಕ್ಟರ. ಅಳಲೆಕಾಯಿಯ ರಸ ಬಣ್ಣವನ್ನು ಹಿಡಿಯುತ್ತದೆ, ಲಿಂಬೆಯ ರಸ ಬಣ್ಣವನ್ನು ಕೀಳುತ್ತದೆ. ಇದು ಅವನ ಅನುಭವ. ಹೊಟ್ಟೆಯೂ ಒಂದು ಕಡಾಯಿ, ಅದರೊಳಗೆ ಬಿದ್ದ ಎಲೆಯ ರಸ ತನ್ನ ಕೆಲಸ ಮಾಡದೆ ಬಿಡುವುದಿಲ್ಲ. ಇದು ಅವನ ಸಿದ್ಧಾಂತ. ಅನುಭವ ಸರಿಯಾಗಿತ್ತು. ಸಿದ್ಧಾಂತವೂ ಒಂದು ಮಟ್ಟಿಗೆ ಸರಿ. ತಪ್ಪಿದ್ದು ಯಾವ ಬಣ್ಣ ಬೇಕು ಎಂಬಲ್ಲಿ ಮಾತ್ರ.

ಮೆಂತೆಯನ್ನು ಅಂದೇ ಬಿಟ್ಟ. ಗೋದಿ ಹುಗ್ಗಿ, ಶೇಂಗಾ ಹೋಳಿಗೆ, ನಡುವೆ ಬಾಯಾಡಿಸಲು ಬೆಲ್ಲದ ಹೆಂಟೆ. ಕೆಂಪು ತಿರುಗಿ ಬಂತು. ಮೆಂತೆ ಬಣ್ಣ ಕೀಳುತ್ತದೆ ಎಂಬ ಸುದ್ದಿ ಕೇಳಿದ ಓಣಿ ದಂಗಾಗಿ ತಪ್ಪಲು ಪಲ್ಯಗಳನ್ನು, ಅಂದರೆ ಸೊಪ್ಪನ್ನೇ ನಿಲ್ಲಿಸಿಬಿಟ್ಟಿತು. ಅಸುಂಡಿಯಿಂದ ಬುಟ್ಟಿ ಹೊತ್ತು ಬರುವ ಹನಮಂತವ್ವ ಮಾತ್ರ ಒಂದು ಸಿವುಡು ಮೆಂತೆಯೂ ಮಾರಾಟವಾಗದೆ ಹೇಮಪ್ಪನ ಬಾಗಿಲಿಗೆ ಬಂದು ನಿಂತಳು.

"ನನ್ನ ಮೆಂತಿ ನಿನ್ನ ಬಣ್ಣ ಕಿತ್ತಿತೇನೋ ಹೇಮಪ್ಪಾ? ಯಾ ಬಣ್ಣ? ಎಲ್ಲೈತಿ ತೋರಿಸು!"

"ಸಿಟ್ಟಾಗಬ್ಯಾಡಬೇ. ನಿನಗ ತಿಳಿಯಂಗಿಲ್ಲ ಅದು."

"ಹುಟ್ಟಿದಾಗಿಂದ ತಪ್ಪಲ ತಿಂದಾಕಿ ನಾನು. ಈ ಬುಟ್ಟಿ ಹೊತ್ತು ನಡಕೋತ ಬರತೀನಿ, ನಡಕೋತ ಹೋಗತೀನಿ. ನನಗೇನಾಗೇತಿ?"

ಹೇಮಪ್ಪ ಅವಳನ್ನು ಕರುಣೆಯಿಂದ ನೋಡಿದ. "ನಿಂದು ಪೂರಾ ನೀಲಿ ಇರತೈತಿ ತಾಯಿ. ನೋಡೂದ ಬ್ಯಾಡ."

"ನಿನ್ನ ಬಾಯಾಗ ಮಣ್ಣ ಹಾಕ!" ಎಂದು ಅವಳು ಬುಟ್ಟಿ ಎತ್ತಿಕೊಂಡು ಹೋದಳು.

ಇಷ್ಟಕ್ಕೇ ಮುಗಿದಿದ್ದರೆ ನಷ್ಟ ಹೇಮಪ್ಪನೊಬ್ಬನದು. ಆದರೆ ಅಕ್ಟೋಬರ್ ಕೊನೆಗೆ ಮಗಳು ಅಮೃತವ್ವನ ನಿಶ್ಚಿತಾರ್ಥವಿತ್ತು. ಹುಡುಗಿಗೆ ಇದು ಮೂರನೆಯ ಸಂಬಂಧ. ಮೊದಲಿನ ಎರಡೂ ತಂದೆಯ ಬಾಯಿಯಿಂದ ಹೋಗಿದ್ದವು. ಇದೂ ಹೋದರೆ ಐಬು ತಂದೆಯಲ್ಲಿಲ್ಲ, ಹುಡುಗಿಯಲ್ಲೇ ಇದೆ ಎಂದು ಜನ ಮಾತಾಡುವುದು ಖಚಿತ. ಅದಕ್ಕಿಂತ ಮುಖ್ಯವಾಗಿ, ಅಮೃತವ್ವನಿಗೆ ಹುಡುಗ ಮನಸ್ಸಿಗೆ ಬಂದಿದ್ದ. ಮುಂಡರಗಿ ಕಡೆಯ ಕೊರ್ಲಹಳ್ಳಿಯ ಯಂಕಪ್ಪನ ಮಗ ಗಾಳೆಪ್ಪ. ಹೊಳೆಯ ದಂಡೆಗೆ ಹೊಲ, ತೋಟ. "ಇವತ್ತೊಂದಿನ ಬಾಯಿ ಮುಚಗೊಂಡಿರ್ರಿ," ಎಂದು ದುರಗವ್ವ ಗಂಡನಿಗೆ ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದಳು. ಹೇಮಪ್ಪ ಒಪ್ಪಿದ್ದ.

ಬೀಗರು ಬಂದರು. ಹೋಳಿಗೆ ಬೇಯುತ್ತಿತ್ತು, ಅದಕ್ಕೂ ಮುಂಚೆ ಉಪ್ಪಿಟ್ಟು, ಚಹಾ ಆಯಿತು. ಗಾಳೆಪ್ಪನ ಮೈಕಟ್ಟು ನೋಡಿ ರಹಮಾನಸಾಬ ಸಹಜವಾಗಿ, "ಏನ್ ತಿಂತೀಯಪಾ ತಮ್ಮಾ?" ಎಂದು ಕೇಳಿದ.

"ಏನೈತ್ರಿ, ರೊಟ್ಟಿ, ಹಸೀ ತಪ್ಪಲ. ಮೆಂತಿ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲ. ನಮ್ಮ ತ್ವಾಟದಾಗ ಬೇಕಾದಷ್ಟು."

ಹೇಮಪ್ಪನ ಕೈಯಲ್ಲಿದ್ದ ಚಹಾದ ಬಶಿ ನಿಂತಿತು.

"ದಿನಾ?"

"ದಿನಾರೀ ಮಾವಾರ."

ಹೇಮಪ್ಪ ಎದ್ದು ಒಳಗೆ ಹೋಗಿ ಒಂದು ಖಾಲಿ ಬಾಟಲಿ ತಂದು ಅಳಿಯನಾಗುವವನ ಕೈಯಲ್ಲಿಟ್ಟ. "ಸ್ವಲ್ಪ ತುಂಬಿಸಿಕೊಂಡು ಬರ್ರಿ." ಗಾಳೆಪ್ಪ ವಿನಯದಿಂದ ಎದ್ದು ಹೋಗಿ ತೊಟ್ಟಿಯ ನೀರು ತುಂಬಿಸಿಕೊಂಡು ಬಂದ.

"ಇದಲ್ಲ," ಅಂದ ಹೇಮಪ್ಪ. "ನಿಮ್ಮದು."

ಮಾತಿನ ಅರ್ಥ ಕೂತವರಿಗೆ ಒಬ್ಬೊಬ್ಬರಿಗೇ ಆಗುತ್ತಾ ಹೋಯಿತು. ಎಲ್ಲರಿಗಿಂತ ಕೊನೆಗೆ ಆದದ್ದು ಯಂಕಪ್ಪನಿಗೆ. ಅವನು ಬಾಯಲ್ಲಿದ್ದ ಎಲೆ ಅಡಿಕೆಯನ್ನು ಅಗಿಯುವುದು ಬಿಟ್ಟ.

"ಬೀಗರ, ನಾವು ಕುಂಡಲಿ ತೋರಿಸೀವಿ. ಹೊಲ ತೋರಿಸೀವಿ. ಎತ್ತಿನ ಬಾಯಿ ಬಿಚ್ಚಿ ಹಲ್ಲ ತೋರಿಸೀವಿ. ಇದನ್ನ ಯಾ ಸೀಮ್ಯಾಗ ಕೇಳತಾರ?"

"ನಮ್ಮ ಮನ್ಯಾಗ ಕೇಳತೀವ್ರಿ. ಬಣ್ಣಗಾರ ಮನಿತನ ನಮ್ಮದು."

ಗಾಳೆಪ್ಪ ಅಡುಗೆ ಮನೆಯ ಬಾಗಿಲ ಕಡೆ ನೋಡಿದ. ಅಲ್ಲಿ ನಿಂತಿದ್ದ ಅಮೃತವ್ವ ಕಣ್ಣು ಮುಚ್ಚಿ, ಹೂಂ ಎನ್ನುವಂತೆ ತಲೆ ಆಡಿಸಿದಳು. ಅವನು ಬಾಟಲಿ ತೆಗೆದುಕೊಂಡು ಹಿತ್ತಲಿಗೆ ಹೋದ. ಮದುವೆಗಾಗಿ ಗಂಡಸರು ಏನೇನೋ ಸಾಹಸ ಮಾಡಿದ್ದುಂಟು. ಬೆಟಗೇರಿಯ ಮಟ್ಟಿಗೆ ಇದಕ್ಕೆ ಸರಿಸಾಟಿ ಇಲ್ಲ.

ಹೇಮಪ್ಪ ದೀಪ ಹಚ್ಚಿದ. ಎಲ್ಲರೂ ಹಿತ್ತಲಲ್ಲಿ ಸುತ್ತ ನಿಂತರು. ಕೊಳವೆ ಕುದಿಯಿತು. ನೀಲಿ. ಮತ್ತೆ ಕುದಿಸಿದ. ಆಕಾಶದಂಥ ನೀಲಿ.

"ಈ ಸಂಬಂಧ ಆಗಂಗಿಲ್ಲ," ಎಂದ ಹೇಮಪ್ಪ. "ಹುಡುಗನ ಮೈಯಾಗ ಬಣ್ಣನ ಇಲ್ಲ."

"ಅಪ್ಪಾ!" ಅಮೃತವ್ವ ಹೊರಗೇ ಬಂದುಬಿಟ್ಟಳು. ದುರಗವ್ವ ಹಣೆ ಹಣೆ ಬಡಿದುಕೊಂಡಳು. ಯಂಕಪ್ಪ ರುಮಾಲು ಬಿಗಿದು, "ಏಳೋ ಗಾಳ್ಯಾ! ಇವರು ಮನಶ್ಯಾರಲ್ಲ!" ಎಂದು ಮಗನ ರಟ್ಟೆ ಹಿಡಿದ. ಅದೇ ಹೊತ್ತಿಗೆ ಹಿತ್ತಲ ಬಾಗಿಲು ದೂಡಿಕೊಂಡು ಫೌಜದಾರ, ಹವಾಲ್ದಾರ ಒಳಗೆ ಬಂದರು.

ಮುಂಬಯಿ ರಾಜ್ಯದಲ್ಲಿ ಆಗ ದಾರೂಬಂದಿ, ಅಂದರೆ ಪಾನನಿಷೇಧದ ಕಾಯ್ದೆ ಬಿಗಿಯಾಗಿತ್ತು. ಬೆಟಗೇರಿಯ ಒಂದು ಹಿತ್ತಲಿನಲ್ಲಿ ಸ್ಪಿರಿಟ್ ಉರಿಸಿ ಏನನ್ನೋ ಕುದಿಸುತ್ತಾರೆ, ಗಂಡಸರು ಬಾಟಲಿ ಮುಚ್ಚಿಕೊಂಡು ಹೋಗಿ ಬಂದು ಮಾಡುತ್ತಾರೆ ಎಂದು ಯಾರೋ ಖಬರು ಕೊಟ್ಟಿದ್ದರು. ವರ್ಣನೆಯಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ಯಾರೂ ಅಲುಗಾಡಬ್ಯಾಡ್ರಿ!" ಫೌಜದಾರ ಕಟ್ಟೆಯ ಮೇಲಿನ ಸಾಲನ್ನು ಕೋಲಿನಿಂದ ತೋರಿಸಿದ. "ಯಾರ್ದು ಈ ಮಾಲು?"

"ಆ ದೊಡ್ಡ ಬಾಟಲಿ ನಂದ್ರಿ," ಹೇಮಪ್ಪ ಅಭಿಮಾನದಿಂದ ಮುಂದೆ ಬಂದ. "ಉಳಿದದ್ದು ಓಣಿ ಮಂದೀದು. ಅವರವರದು ಅವರವರ ತಂದಾರ."

"ಎಲ್ಲಿಂದ ತರಸ್ತಿ?"

"ತರಸೂದ್ಯಾಕರೀ ಸಾಹೇಬ್ರ? ಮನ್ಯಾಗ ಆಗೂದು. ಮೊದಲ ಇಷ್ಟ ಇರಲಿಲ್ಲ, ಈಗೀಗ ಭಾಳ ಆಗಾಕತ್ತೈತಿ."

ಫೌಜದಾರ ಹವಾಲ್ದಾರನಿಗೆ ಸನ್ನೆ ಮಾಡಿದ. ಈ ಹವಾಲ್ದಾರ ಲಕ್ಷ್ಮೇಶ್ವರ, ಶಿರಹಟ್ಟಿ ಸೀಮೆಯ ಎಷ್ಟೋ ಕಳ್ಳಭಟ್ಟಿಗಳನ್ನು ಹಿಡಿದವನು. ನಾಲಿಗೆಯ ತುದಿಯಿಂದಲೇ ಮಾಲು ಎಷ್ಟು ಹದಕ್ಕೆ ಬಂದಿದೆ ಎಂದು ಹೇಳಬಲ್ಲವನೆಂದು ಇಲಾಖೆಯಲ್ಲಿ ಹೆಸರಿತ್ತು. ಹೇಮಪ್ಪನ ಬಾಟಲಿಯಲ್ಲಿ ಬೆರಳು ಅದ್ದಿದ. ರಹಮಾನಸಾಬ ತಡೆಯಲು ಕೈ ಎತ್ತಿದ. ಅಲುಗಾಡಬಾರದೆಂಬ ಹುಕುಂ ನೆನಪಾಗಿ ಇಳಿಸಿದ. ಹವಾಲ್ದಾರ ಬೆರಳು ಚೀಪಿದ.

"ಸಿಹಿ ಐತ್ರೀ ಸಾಹೇಬ್ರ. ಬೆಲ್ಲ ಹಾಕ್ಯಾರ. ಇನ್ನೂ ಹುಳಿ ಬಂದಿಲ್ಲ." ಕರ್ತವ್ಯನಿಷ್ಠನಾದ್ದರಿಂದ ಪಕ್ಕದ ಬಾಟಲಿಗೂ ಬೆರಳಿಟ್ಟ, ಅದು ಗಾಳೆಪ್ಪನದು. "ಇದಕ್ಕ ಬೆಲ್ಲ ಬಿದ್ದಿಲ್ಲ. ಉಪ್ಪುಪ್ಪ ಐತಿ."

ಡಾಕ್ಟರರ ನೀಲಿ ಔಷಧ ಹೇಳಿದ್ದನ್ನೇ ಹವಾಲ್ದಾರನ ನಾಲಿಗೆಯೂ ಹೇಳಿತ್ತು. ಆದರೆ ಅದನ್ನು ಮೆಚ್ಚುವ ಸ್ಥಿತಿಯಲ್ಲಿ ಅಲ್ಲಿ ಯಾರೂ ಇರಲಿಲ್ಲ. ದುರಗವ್ವನಿಗೆ ತಡೆಯದಾಯಿತು.

"ಉಚ್ಚೀರೀ ಅದು ಯಪ್ಪಾ! ಉಚ್ಚಿ!"

ಹವಾಲ್ದಾರ ಬೆರಳನ್ನು ನೋಡಿದ. ಬಾಟಲಿಯನ್ನು ನೋಡಿದ. ಫೌಜದಾರನನ್ನು ನೋಡಿದ. ಆಮೇಲೆ ಬಚ್ಚಲಿಗೆ ಓಡಿದವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಮುಂದಿನದು ನಡೆಯುವಾಗಲೂ ಅಲ್ಲಿಂದ ನೀರು ಮುಕ್ಕಳಿಸುವ ಸಪ್ಪಳ ಕೇಳುತ್ತಲೇ ಇತ್ತು.

ಸ್ಪಿರಿಟ್ ದೀಪ ಡಾಕ್ಟರು ಕೊಟ್ಟದ್ದೆಂದು ಹೇಮಪ್ಪ ಹೇಳಿದ್ದನ್ನು ಪರಿಶೀಲಿಸಲು ಫೌಜದಾರ ಡಾಕ್ಟರರನ್ನೇ ಕರೆಸಿದ. ಡಾಕ್ಟರು ಬಂದು ಕಟ್ಟೆಯ ಮೇಲಿನ ಸಾಲು ನೋಡಿದರು, ಹೇಮಪ್ಪನ ಕೊಳವೆ ನೋಡಿದರು, ಅವರ ಮುಖ ಸಪ್ಪಗಾಯಿತು.

"ಇನ್ನೂ ಕೆಂಪು ಬರತೈತೇನ್ರಿ? ಮೆಂತಿ ತಿನ್ನಲಿಲ್ಲೇನು?"

"ತಿಂದೆರೀ. ಬಣ್ಣ ಹೋಗಾಕತ್ತಿತು. ಅದಕ್ಕ ಬಿಟ್ಟೆ."

"ಹೋಗಲಿ ಅಂತನ ಹೇಳಿದ್ದು ಮಾರಾಯಾ!"

ಹೇಮಪ್ಪ ಡಾಕ್ಟರರ ಕಡೆ ತಿರುಗಿ, "ಹಂಗಾರ ಕೆಂಪು ಅಂದ್ರ?" ಅಂದ.

"ಬ್ಯಾನಿ. ಸಕ್ಕರಿ ಬ್ಯಾನಿ. ಹಿಂಗ ಬಿಟ್ರ ಕಣ್ಣಿಗೆ ಬರತೈತಿ, ಕಾಲಿಗೆ ಬರತೈತಿ."

"ನೀಲಿ?"

"ಸಕ್ಕರಿ ಇಲ್ಲ ಅಂತ."

ರಹಮಾನಸಾಬ ಬೆನ್ನು ನೆಟ್ಟಗೆ ಮಾಡಿ ನಿಂತ. ಹೇಮಪ್ಪ ಕಟ್ಟೆಯ ಮೇಲೆ ಕುಸಿದ. ಹಾಗಾದರೆ ಮೆಂತೆಯೇ ಔಷಧವೇ ಎಂದು ಫೌಜದಾರ ಕೇಳಿದ್ದಕ್ಕೆ ಡಾಕ್ಟರು, "ಹಂಗ ನಾ ಹೇಳಾಂಗಿಲ್ಲ ಸಾಹೇಬ್ರ. ಮೆಂತ್ಯಾಗ, ಹಾಗಲಕಾಯ್ಯಾಗ ಏನೋ ಐತಿ, ಅದು ಸಕ್ಕರಿ ಏರೂದನ್ನ ಸ್ವಲ್ಪ ತಡೀತೈತಿ ಅಂತ ಕಾಣತೈತಿ. ಏನಂತ ಇನ್ನೂ ಪೂರಾ ಗೊತ್ತಾಗಿಲ್ಲ. ಬೆಲ್ಲ ಬಿಟ್ಟದ್ದೂ ಕೆಲಸ ಮಾಡಿರತೈತಿ. ಇಷ್ಟಕ್ಕ ಆಗಲಿಲ್ಲಾಂದ್ರ ಸೂಜಿ," ಎಂದರು.

ದುರಗವ್ವ ಬೀಗರ ಕಡೆ ತಿರುಗಿ ಕೈ ಮುಗಿದಳು. "ಕೇಳಿದ್ರಲ್ಲರಿ, ನಿಮ್ಮ ಹುಡುಗ ಬಂಗಾರ. ತಪ್ಪಾತು, ಕುಂಡ್ರಿ."

ಆದರೆ ಯಂಕಪ್ಪನಿಗೆ ಈಗ ಬೇರೆ ಯೋಚನೆ ಹತ್ತಿತ್ತು. "ಡಾಕ್ಟರ್ ಸಾಹೇಬ್ರ, ಇದು ಮನಿತನದಾಗ ಇಳಕೋತ ಬರತೈತೇನ್ರಿ?"

ಡಾಕ್ಟರು ಸುಳ್ಳು ಹೇಳುವವರಲ್ಲ. "ಕೆಲವು ಮನಿತನದಾಗ ಬರತೈತಿ."

"ಹಂಗಾರ ಹುಡುಗೀದೂ ನೋಡ್ರಿ. ಕೆಂಪು ಬಂದ್ರ ನಮಗ ಬ್ಯಾಡ."

ದುರಗವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಹೆಣ್ಣುಮಗಳದ್ದೇ? ಪೊಲೀಸರ ಎದುರಿಗೇ? ಅಮೃತವ್ವ ಮಾತಾಡದೆ ಕಟ್ಟೆಯ ಮೇಲಿನ ಖಾಲಿ ಶೀಶೆಯೊಂದನ್ನು ತೆಗೆದುಕೊಂಡು ಒಳಗೆ ಹೋದಳು, ತಂದು ಡಾಕ್ಟರರ ಕೈಗೆ ಕೊಟ್ಟಳು. ಕೊಳವೆ ಕುದಿಯುವವರೆಗೆ ಹೇಮಪ್ಪ ಕಣ್ಣು ಬಿಡಲಿಲ್ಲ.

"ನೀಲಿ," ಅಂದರು ಡಾಕ್ಟರು.

"ಆತಲ್ಲರಿ?" ಅಮೃತವ್ವ ಇನ್ನೊಂದು ಶೀಶೆಯನ್ನು ತೊಳೆದು ಯಂಕಪ್ಪನ ಮುಂದೆ ಹಿಡಿದಳು. "ಈಗ ಮಾವಾರದು. ನಾವೂ ಮನಿತನ ನೋಡಬೇಕಲ್ಲ?"

ಆ ದಿನ ಅಷ್ಟೆಲ್ಲ ಕಂಡಿದ್ದ ಜನಕ್ಕೂ ಇದು ಸಿಡಿಲು. ಫೌಜದಾರ ಮಾತ್ರ ಕಟ್ಟೆಯ ಒಂದು ಮೂಲೆಯಲ್ಲಿ ಜಾಗ ಮಾಡಿಕೊಂಡು ಕುಳಿತು, "ನ್ಯಾಯ ಐತಿ," ಅಂದ.

"ನಂದ್ಯಾಕಬೇ? ನಾ ಗುಂಡಕಲ್ಲ ಇದ್ದಂಗ ಅದೀನಿ!"

"ನಾ ಕೊಟ್ಟೇನಿ, ಆಕಿ ಕೊಟ್ಟಾಳ," ಅಂದ ಗಾಳೆಪ್ಪ. "ನೀ ಕೊಡಪಾ. ಹೊಲದಾಗ ಹಗಲೆಲ್ಲಾ ಎದ್ದೆದ್ದು ಹೋಗತಿ, ನೀರಂತೂ ಕೊಡಗಟ್ಟಲೆ ಕುಡೀತಿ. ತಪ್ಪಲ ಹಾಕಿದ್ರ ಇದು ದನಕ್ಕ ಅಂತಿ."

ಡಾಕ್ಟರು ತಟ್ಟನೆ ತಲೆ ಎತ್ತಿದರು. ಯಂಕಪ್ಪ ಗೊಣಗುತ್ತ ಹೋಗಿ ಬಂದ. ದೀಪದ ಮೇಲೆ ಕೊಳವೆಯ ನೀಲಿ ಹಸಿರಾಯಿತು. ಹಸಿರು ಹಳದಿಯಾಯಿತು. ಹಳದಿ ಕಿತ್ತಳೆಯಾಗಿ, ನೋಡುತ್ತಿದ್ದಂತೆ ತಳದಿಂದ ಮೇಲಿನವರೆಗೆ ಗಟ್ಟಿ ಇಟ್ಟಿಗೆ ಕೆಂಪು ತುಂಬಿತು. ಯಂಕಪ್ಪನ ರುಮಾಲು ಜಾರಿ ಹೆಗಲಿಗೆ ಬಿತ್ತು.

ಹೇಮಪ್ಪ ಎದ್ದು ಬಂದು ಡಾಕ್ಟರರ ಕೈಯಿಂದ ಕೊಳವೆ ತೆಗೆದುಕೊಂಡ. ಬೆಳಕಿಗೆ ಹಿಡಿದ. ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ. ಅವನ ಮುಖದಲ್ಲಿ ದುಃಖವಿತ್ತೋ ಹೊಟ್ಟೆಕಿಚ್ಚೋ ಹೇಳುವುದು ಕಷ್ಟವಾಗಿತ್ತು.

"ಬೀಗರ," ಅಂದ, "ನಂದಕ್ಕಿಂತ ಗಾಢ ಐತಿ."

"ಹೌದೇನ್ರಿ?" ಎಂದ ಯಂಕಪ್ಪ. ಅವನ ಕೈ ತಾನಾಗಿಯೇ ಮೀಸೆಗೆ ಹೋಯಿತು. ಡಾಕ್ಟರು ಕೊಳವೆಯನ್ನು ಕಸಿದುಕೊಂಡರು.

ಸಂಬಂಧದ ಬಗ್ಗೆ ಆಮೇಲೆ ಚರ್ಚೆಯೇ ನಡೆಯಲಿಲ್ಲ. ಆಕ್ಷೇಪ ಎತ್ತುವ ಹಕ್ಕು ಎರಡೂ ಕಡೆಯ ತಂದೆಯರಿಗೆ ಉಳಿದಿರಲಿಲ್ಲ. ಪಡಸಾಲೆಯಲ್ಲಿ ಪಂಕ್ತಿ ಕೂತಿತು. ತುಪ್ಪ ಸುರಿದ ಹೋಳಿಗೆಯ ವಾಸನೆ ಮನೆ ತುಂಬಿತ್ತು. ದುರಗವ್ವ ಹೇಮಪ್ಪ, ಯಂಕಪ್ಪ ಇಬ್ಬರ ಮುಂದೆ ಒಂದೊಂದು ಖಡಕ್ ರೊಟ್ಟಿ, ಅದರ ಮೇಲೆ ಹಿಡಿ ತುಂಬ ಹಸಿ ಮೆಂತೆ, ಪಕ್ಕಕ್ಕೆ ಹಾಗಲಕಾಯಿ ಪಲ್ಯ ಇಟ್ಟು ಮುಂದೆ ನಡೆದಳು.

"ಮತ್ತ ಹೋಳಿಗಿ?" ಎಂದು ಇಬ್ಬರೂ ಒಟ್ಟಿಗೆ ಕೇಳಿದರು.

"ಅದು ನೀಲಿ ಮಂದೀಗೆ," ಎಂದು ದುರಗವ್ವ ಮೊದಲ ಹೋಳಿಗೆಯನ್ನು ಗಾಳೆಪ್ಪನ ಎಲೆಗೆ ಹಾಕಿದಳು.